ಫಾಸ್ಟ್‌ಗೆ ಎದುರು ಪದ ಯಾವುದು?

ಇವತ್ತು ಇಂಗ್ಲಿಷಿನ ಸಮಾನಾರ್ಥಕ, ವಿರುದ್ಧಾರ್ಥಕ ಪದಗಳ ಬಗ್ಗೆ ಮಾತಾಡೋಣ.

ನಮ್ಮ ಘಾಟ್ಕೋಪರ್ ಸ್ಟೇಷನ್ನಿನಿಂದಲೇ ಶುರು ಮಾಡ್ತೀನಿ. ಇಲ್ಲಿ ಫಾಸ್ಟ್ ಲೋಕಲ್ಲೂ ನಿಲ್ಲುತ್ತೆ, ಸ್ಲೋ ಲೋಕಲ್ಲೂ ನಿಲ್ಲುತ್ತೆ. ಫಾಸ್ಟ್ ಅಂದ್ರೆ ಕ್ವಿಕ್ ಅಂತ ಡಿಕ್ಷನರಿ ಹೇಳುತ್ತೆ. ಆದರೆ "ಕ್ವಿಕ್ ಲೋಕಲ್ ಎಷ್ಟು ಗಂಟೆಗೆ?" ಅಂತ ಇಲ್ಲಿ ಯಾರೂ ಕೇಳಲ್ಲ. ಯಾಕಂದ್ರೆ ಇಲ್ಲಿ ಫಾಸ್ಟ್ ಅನ್ನೋದು ಬರೀ ವೇಗ ಅಲ್ಲ, ಕೆಲವು ಸ್ಟೇಷನ್ ಬಿಟ್ಟು ಓಡೋದು. ಸ್ಲೋ ಅಂದ್ರೆ ಎಲ್ಲಾ ಕಡೆ ನಿಲ್ಲೋದು. ಅದೇ ಫಾಸ್ಟ್ ಉಪವಾಸ ಆದಾಗ ಎದುರು ಪದ ಸ್ಲೋ ಅಲ್ಲ, ಫೀಸ್ಟ್. ಅಂದರೆ ಎದುರು ಪದ ಇರೋದು ಪದಕ್ಕಲ್ಲ, ಅರ್ಥಕ್ಕೆ.

ಇದನ್ನು ಹಿಡಿಯೋಕೆ ಕನ್ನಡವೇ ಸಹಾಯ ಮಾಡುತ್ತೆ. ನಾವು ಹಳೇ ಮೊಬೈಲ್ ಅಂತೀವಿ, ಆದರೆ ವಯಸ್ಸಾದ ಅಜ್ಜ ಅಂತೀವಿ. ಇಂಗ್ಲಿಷಿನಲ್ಲಿ ಎರಡೂ ಓಲ್ಡ್. ಮೊದಲನೆಯದಕ್ಕೆ ಎದುರು ನ್ಯೂ, ಎರಡನೆಯದಕ್ಕೆ ಯಂಗ್. ಹಾಗೆಯೇ ಹಾಟ್: ಸಾರು ಬಿಸಿ ಇದ್ದರೆ ಎದುರು ಕೋಲ್ಡ್, ಖಾರ ಇದ್ದರೆ ಮೈಲ್ಡ್.

ಕಂಪ್ಯೂಟರಿಗೂ ಇದು ಸುಲಭ ಅಲ್ಲ. 2013ರಲ್ಲಿ ಬಂದ ವರ್ಡ್‌ಟುವೆಕ್ ಪದದ ಅಕ್ಕಪಕ್ಕದ ಪದಗಳನ್ನು ನೋಡಿ ಕಲಿಯುತ್ತೆ. ಹಾಟ್ ಮತ್ತು ಕೋಲ್ಡ್ ಒಂದೇ ಥರದ ವಾಕ್ಯಗಳಲ್ಲಿ ಬರೋದರಿಂದ ಎರಡನ್ನೂ ಹತ್ತಿರವೇ ಇಡುತ್ತೆ! 1985ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ವರ್ಡ್‌ನೆಟ್ ಬೇರೆ ದಾರಿ ಹಿಡಿಯಿತು. ಪದಗಳನ್ನು ಅರ್ಥದ ಪ್ರಕಾರ ಗುಂಪು ಮಾಡಿತು. ಪಕ್ಕದ ಪವಾಯಿಯ ಐಐಟಿ ಬಾಂಬೆಯಲ್ಲಿ ಬೆಳೆದ ಇಂಡೋವರ್ಡ್‌ನೆಟ್‌ನಲ್ಲಿ ಕನ್ನಡವೂ ಇದೆ.

ಇದೆಲ್ಲ ಯಾಕೆ ಮುಖ್ಯ? ಮುಂಬೈ ಮಹಾನಗರ ಪಾಲಿಕೆ ಕನ್ನಡ ಮಾಧ್ಯಮ ಶಾಲೆಗಳನ್ನೂ ನಡೆಸುತ್ತೆ. ಅಲ್ಲಿ ಓದಿದ ಮಕ್ಕಳು ಕಾಲೇಜಿಗೆ ಬಂದಾಗ ಎಲ್ಲವೂ ಇಂಗ್ಲಿಷ್. ಗೈಡಿನ ಪಟ್ಟಿ ಬಾಯಿಪಾಠ ಮಾಡ್ತಾರೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತೆ. ಆದರೆ ಇಂಟರ್‌ವ್ಯೂನಲ್ಲಿ "ನಿಮ್ಮ ಪ್ರಾಡಕ್ಟ್ ಚೀಪ್" ಅಂದುಬಿಟ್ಟರೆ? ಹೇಳಬೇಕಾಗಿದ್ದು ಬೆಲೆ ಕಡಿಮೆ ಅಂತ, ಎದುರಿನವರಿಗೆ ಕೇಳಿಸಿದ್ದು ಕಳಪೆ ಅಂತ. ಪಟ್ಟಿಯಲ್ಲಿ ಚೀಪ್, ಇನೆಕ್ಸ್‌ಪೆನ್ಸಿವ್ ಎರಡೂ ಒಂದೇ. ಹುಡುಗನಿಗೆ ಬುದ್ಧಿ ಕಡಿಮೆ ಇರಲಿಲ್ಲ, ಪಟ್ಟಿ ಅರ್ಧ ಹೇಳಿತ್ತು ಅಷ್ಟೇ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಒಂಟಿ ಪದ ಬರೆಯಬೇಡಿ, ಜೋಡಿ ಬರೆಯಿರಿ: ಓಲ್ಡ್ ಫೋನ್, ನ್ಯೂ ಫೋನ್. ಪಕ್ಕದಲ್ಲಿ ಕನ್ನಡದಲ್ಲಿ ನೀವು ಏನಂತೀರಿ ಅಂತಲೂ ಬರೆಯಿರಿ. ದಿನಕ್ಕೆ ಐದು ಸಾಕು.