ಕೊನೆಗೌಡನ ಹಗ್ಗ: ಹೆಣಿಗೆ, ಸಾಧನ, ಬದುಕು

(ಅಡಿಕೆ ಮರವೇರುವ ಕಾರ್ಮಿಕರ ತರಬೇತಿ ಶಿಬಿರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಕೊನೆ ಕೊಯ್ಯುವವನಿಗೆ ಕೊನೆಗೌಡನೆಂದು ಹೆಸರು. ಆತನ ಸಾಧನಗಳು ಬಹಳವಿಲ್ಲ: ಕಾಲಿಗೆ ತಳೆ, ಸೊಂಟದಲ್ಲಿ ಕತ್ತಿ, ಹೆಗಲಿಗೆ ಹಗ್ಗ. ನಲವತ್ತು ಐವತ್ತು ಅಡಿ ಎತ್ತರದ ಮರದ ತುದಿಯಲ್ಲಿ ಕೊನೆ ಕತ್ತರಿಸಿ, ಬಿಗಿದ ಹಗ್ಗದ ಗುಂಟ ಜಾರಿಸುತ್ತಾನೆ. ಕೆಳಗೆ ಹಗ್ಗ ಹಿಡಿದವನು ಒಂದು ಕಾಯಿಯೂ ಚದುರದಂತೆ ಅದನ್ನು ಬರಮಾಡಿಕೊಳ್ಳುತ್ತಾನೆ. ಬಳಿಕ ಮರವನ್ನೇ ತೂಗಿ, ನೆಲಕ್ಕಿಳಿಯದೆ ಪಕ್ಕದ ಮರವನ್ನು ಹಿಡಿಯುವ ಆ ಕೌಶಲವನ್ನು ಕಂಡವರು ಬೆರಗಾಗುತ್ತಾರೆ. ಬೆರಗು ಸಹಜ, ಆದರೆ ಆ ಬೆರಗಿನಲ್ಲಿ ಹಗ್ಗದ ಸ್ಥಿತಿಯನ್ನು ನೋಡುವವರು ಕಡಿಮೆ.

ಹಗ್ಗ ಸವೆದಾಗ ಅಥವಾ ತುಂಡಾದಾಗ ಗಂಟು ಹಾಕಿ ಮುಂದುವರಿಸುವುದು ರೂಢಿ. ಗಂಟಿನೊಳಗೆ ಹಗ್ಗವು ತೀಕ್ಷ್ಣವಾಗಿ ಬಾಗುವುದರಿಂದ ಹೊರಮೈಯ ನಾರುಗಳ ಮೇಲೆಯೇ ಭಾರವೆಲ್ಲ ಬೀಳುತ್ತದೆ. ಗಂಟಿನ ಬಗೆಯನ್ನು ಅನುಸರಿಸಿ ಹಗ್ಗದ ಬಲ ಅರ್ಧಕ್ಕೆ ಇಳಿಯುವುದೂ ಉಂಟು. ಎಳೆಗಳನ್ನು ಬಿಚ್ಚಿ ಒಂದರೊಳಗೊಂದು ಹೆಣೆದು ಕೂಡಿಸಿದರೆ ಬಹುಪಾಲು ಬಲ ಉಳಿಯುತ್ತದೆ. ಇನ್ನೊಂದು ಕಾರಣವನ್ನು ಕೊನೆಗೌಡನೇ ಚೆನ್ನಾಗಿ ಬಲ್ಲ: ಜಾರುವ ಕೊನೆ ಗಂಟಿಗೆ ಸಿಕ್ಕಿ ನಡುದಾರಿಯಲ್ಲಿ ನಿಂತರೆ ಅದನ್ನು ಬಿಡಿಸಲು ಆತ ಮೇಲಿನಿಂದ ಜಗ್ಗಬೇಕಾಗುತ್ತದೆ. ಹಿಡಿತ ತಪ್ಪುವುದು ಇಂತಹ ಗಳಿಗೆಯಲ್ಲಿ. ಹೆಣೆದ ಜಾಗ ತುಸು ದಪ್ಪವಾದರೂ ಕೊನೆಯನ್ನು ತಡೆಯುವುದಿಲ್ಲ.

ಮೂರೆಳೆಯ ಹಗ್ಗದ ತುದಿಗೆ ಕುಣಿಕೆ ಹೆಣೆಯುವ ಕ್ರಮ ಹೀಗಿದೆ. 12 ಮಿ.ಮೀ. ದಪ್ಪದ ಹಗ್ಗವಾದರೆ ಒಂದು ಗೇಣಿಗಿಂತ ತುಸು ಹೆಚ್ಚು ಉದ್ದಕ್ಕೆ ಎಳೆಗಳನ್ನು ಬಿಚ್ಚಿ, ಪ್ರತಿ ಎಳೆಯ ತುದಿಯನ್ನು ನೂಲಿನಿಂದ ಸುತ್ತಿ ಕಟ್ಟಬೇಕು. ಕುಣಿಕೆಯ ಅಳತೆಗೆ ಹಗ್ಗವನ್ನು ಬಾಗಿಸಿ, ನಡುವಿನ ಎಳೆಯನ್ನು ಮೂಲ ಹಗ್ಗದ ಒಂದು ಎಳೆಯ ಕೆಳಗೆ ತೂರಿಸಬೇಕು. ಎಡದ್ದನ್ನು ಅದರ ಮುಂದಿನ ಎಳೆಯಡಿಗೆ, ಬಳಿಕ ಹಗ್ಗವನ್ನು ಮಗುಚಿ ಮೂರನೆಯದನ್ನು ಉಳಿದ ಎಳೆಯಡಿಗೆ ಸೇರಿಸಬೇಕು. ಎರಡು ತುದಿಗಳು ಒಂದೇ ಎಳೆಯ ಕೆಳಗೆ ಹೋದರೆ ಹೆಣಿಗೆ ತಪ್ಪಿದೆಯೆಂದೇ ಅರ್ಥ. ಬಿಚ್ಚಿ ಮೊದಲಿಂದ ಮಾಡುವುದೇ ಲೇಸು. ಮುಂದೆ ಹುರಿಗೆ ಎದುರಾಗಿ, ಒಂದರ ಮೇಲೆ, ಒಂದರ ಕೆಳಗೆ ಎಂಬಂತೆ ಸುತ್ತುಗಳು ಸಾಗುತ್ತವೆ. ನಾರಿನ ಹಗ್ಗ ಒರಟಾದ್ದರಿಂದ ಮೂರು ಸುತ್ತು ಸಾಕು. ನೈಲಾನ್ ನುಣುಪು, ಜಾರುವ ಸ್ವಭಾವದ್ದು. ಅದಕ್ಕೆ ಐದು ಸುತ್ತು ಬೇಕು. ಮೂರು ಸುತ್ತಿಗೇ ನಿಲ್ಲಿಸಿದ ನೈಲಾನ್ ಹೆಣಿಗೆ ನೋಡಲು ಅಚ್ಚುಕಟ್ಟಾಗಿದ್ದು, ಭಾರ ಬಿದ್ದಾಗ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ.

ಈ ಕೈಹೆಣಿಗೆ ಕೊನೆ ಇಳಿಸುವ ಹಗ್ಗಕ್ಕೆ ಮಾತ್ರ ಎಂಬುದನ್ನು ಸ್ಪಷ್ಟಪಡಿಸಬೇಕಾಗಿದೆ. ದೇಹದ ಭಾರ ಹೊರುವ ಸುರಕ್ಷತಾ ಪಟ್ಟಿ ಐ.ಎಸ್. 3521 ಮಾನಕದ ಗುರುತುಳ್ಳದ್ದೇ ಆಗಿರಬೇಕು. ಅದನ್ನು ಮನೆಯಲ್ಲಿ ಹೆಣೆದು ದುರಸ್ತಿ ಮಾಡಿಕೊಳ್ಳುವುದು ಸಲ್ಲದು. ಒಮ್ಮೆ ಬಿದ್ದವನನ್ನು ಹಿಡಿದು ನಿಲ್ಲಿಸಿದ ಪಟ್ಟಿಯನ್ನು ಮತ್ತೆ ಬಳಸಬಾರದು. ಪಟ್ಟಿಯಿದ್ದರೂ ಅದನ್ನು ಕಟ್ಟಿದ ಮರವೇ ಮುರಿದರೆ ರಕ್ಷಣೆಯಿಲ್ಲ. ನೈರುತ್ಯದ ಬಿಸಿಲಿಗೆ ಸುಟ್ಟು ಸೀಳಿದ ಅಡಿಕೆ ಮರ ಒಳಗೇ ಶಿಥಿಲವಾಗಿರುತ್ತದೆ. ಅಂತಹ ಮರಗಳಿಗೆ ಬಣ್ಣದ ಗುರುತು ಹಾಕಿ, ಹತ್ತಬೇಡವೆಂದು ಮೊದಲೇ ಹೇಳುವುದು ಯಜಮಾನರ ಹೊಣೆ. ಒಂದು ಕೊನೆಯ ಆಸೆಗೆ ಸುಮ್ಮನಿರುವುದು ನ್ಯಾಯವಲ್ಲ.

ಮಳೆಗಾಲದ ಅಪಾಯ ಬೇರೆಯದೇ. ಹಿಂದೆ ಕೊಳೆರೋಗಕ್ಕೆ ಮಳೆಗೆ ಮುಂಚೆಯೇ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ಬಳಕೆಗೆ ದಾರಿ ಮಾಡಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಆ ಮದ್ದು ಬೆಳೆಯನ್ನು ಉಳಿಸಿತು. ಆದರೆ ನಲವತ್ತು ನಲವತ್ತೈದು ದಿನಗಳ ನಂತರದ ಎರಡನೆಯ ಸಿಂಪಡಣೆಯು ಕಾರ್ಮಿಕನನ್ನು ನಡುಮಳೆಯಲ್ಲಿ, ಪಾಚಿಗಟ್ಟಿದ ಮರಕ್ಕೆ ಏರಿಸಿತು. ನೈಲಾನ್ ಹಗ್ಗ ನೆನೆದಾಗ ಬಲವೂ ತುಸು ಕುಗ್ಗುತ್ತದೆ. ಸುಣ್ಣದ ಕಣಗಳು ಎಳೆಗಳ ಸಂದಿನಲ್ಲಿ ಸೇರಿ ಒಳಗಿನಿಂದ ಸವೆಸುತ್ತವೆ. ಸಂಜೆ ಹಗ್ಗವನ್ನು ಶುದ್ಧ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಮರುದಿನ ಎಳೆಗಳನ್ನು ತಿರುಚಿ ಒಳಗೆ ನೋಡುವುದಕ್ಕೆ ಹತ್ತು ನಿಮಿಷ ಸಾಕು.

ನೆಲದಲ್ಲೇ ನಿಂತು ಕೊಯ್ಯುವ, ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿ ಈಗ ತೋಟಗಳಿಗೆ ಬಂದಿದೆ. ಇದು ಸ್ವಾಗತಾರ್ಹ, ಹತ್ತಲು ಬಾರದ ಯುವಕರೂ ಇದರಿಂದ ಕೆಲಸ ಕಲಿಯುತ್ತಿದ್ದಾರೆ. ಆದರೆ ಕಾರ್ಬನ್ ಫೈಬರ್‌ನಲ್ಲಿ ಲೋಹದಂತೆಯೇ ವಿದ್ಯುತ್ ಹರಿಯುತ್ತದೆ. ತಂತಿ ಹಾದುಹೋದ ತೋಟದಲ್ಲಿ, ದೋಟಿ ಯಾವ ಕಡೆಗೆ ವಾಲಿದರೂ ತಂತಿಗೆ ತಾಗದಷ್ಟು ದೂರವಿಲ್ಲದಿದ್ದರೆ ಅದನ್ನು ಎತ್ತಕೂಡದು.

ಇನ್ನು ವಿಮೆಯ ವಿಷಯ. ಕೊನೆಗೌಡನಿಗೆ ಕೂಲಿ ಇತರರಿಗಿಂತ ಹೆಚ್ಚೆಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ವರ್ಷದ ಕೆಲವೇ ತಿಂಗಳ ದುಡಿಮೆಯದು. ಬಿದ್ದು ಬೆನ್ನುಮೂಳೆ ಮುರಿದವನಿಗೆ ಮುಂದಿನ ಹಂಗಾಮೇ ಇಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದೊಳಗಿನ ಬ್ಯಾಂಕ್ ಖಾತೆದಾರರಿಗೆ ವರ್ಷಕ್ಕೆ 20 ರೂಪಾಯಿ ಕಂತಿಗೆ, ಅಪಘಾತದಲ್ಲಿ ಮರಣ ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಉಂಟಾದರೆ 2 ಲಕ್ಷ ರೂಪಾಯಿ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ ದೊರೆಯುತ್ತದೆ. ಮರದಿಂದ ಬಿದ್ದು ಮೃತಪಟ್ಟವರ ಮನೆಯವರು ದುಃಖದಲ್ಲಿ, ಪೊಲೀಸ್ ದಾಖಲೆ ಹಾಗೂ ಮರಣೋತ್ತರ ಪರೀಕ್ಷೆಯಿಲ್ಲದೆ ಅಂತ್ಯಕ್ರಿಯೆ ಮುಗಿಸಿದರೆ ಪರಿಹಾರ ಪಡೆಯುವುದು ಕಷ್ಟವಾಗುತ್ತದೆ. ಇದನ್ನು ಆ ಹೊತ್ತಿನಲ್ಲಿ ಮೃದುವಾಗಿ ತಿಳಿಸಿ, ಜೊತೆಗೆ ನಿಲ್ಲಬೇಕಾದವರು ಗ್ರಾಮ ಪಂಚಾಯಿತಿಯ ಸದಸ್ಯರು.

ಈ ವಿಮೆಯ ವರ್ಷ ಜೂನ್ 1ರಿಂದ ಮೇ 31ರವರೆಗೆ. ಕಂತು ಖಾತೆಯಿಂದ ಕಡಿತವಾಗುವುದು ಮೇ ಕೊನೆಯಲ್ಲಿ, ಅಂದರೆ ಮೊದಲ ಮದ್ದು ಹೊಡೆಯುವ ಹೊತ್ತಿಗೆ. ಮುಂಗಡ ಕೊಡುವ ಯಜಮಾನರು ಆ ವಾರ ಕಾರ್ಮಿಕನ ಖಾತೆಯಲ್ಲಿ 20 ರೂಪಾಯಿ ಇದೆಯೇ ಎಂದು ಒಮ್ಮೆ ಕೇಳಿ, ಇಲ್ಲದಿದ್ದರೆ ತಾವೇ ಹಾಕಿಸುವುದು.