ಬಚ್ಚಲದಾಗ ಗಟಾರದ ನಾತ: ಬರೋ ದಾರಿ ಹುಡುಕೋದು ಹ್ಯಾಂಗ?

ಬಚ್ಚಲ ತಿಕ್ಕಿ ತೊಳದಿರ್ತೀರಿ, ಫಿನೈಲ್ ಸುರುವಿರ್ತೀರಿ, ಫರ್ಸಿ ಮ್ಯಾಲ ಒಂದು ಕಲಿ ಉಳದಿರಂಗಿಲ್ಲ. ಆದ್ರೂ ಮರುದಿನ ಮುಂಜಾನೆ ಬಾಗಲಾ ತಗದ್ರ ಕೊಳತ ತತ್ತಿಯಂಥ ನಾತ ಗಪ್ಪನ ಮೂಗಿಗೆ ಬಡೀತದ. ಮತ್ತ ಫಿನೈಲ್, ಮತ್ತ ಆ್ಯಸಿಡ್. ಎರಡು ತಾಸು ಕಡಿಮಿ ಆಗ್ತದ, ಆಮ್ಯಾಲ ಮೊದಲಿನಂಗ.

ಯಾಕಂದ್ರ ಆ ನಾತ ನಿಮ್ಮ ಫರ್ಸಿದಲ್ಲ. ಹೊಲಸು ನೀರು ಗಾಳಿ ಇಲ್ಲದ ಜಾಗದಾಗ ಕೊಳತಾಗ ಹೈಡ್ರೋಜನ್ ಸಲ್ಫೈಡ್ ಅಂತ ಒಂದು ಅನಿಲ ಹುಟ್ಟತದ, ಆ ನಾತ ಅದರದು. ಅದು ಹುಟ್ಟೋದು ಹೊರಗ, ಗಟಾರದಾಗ, ಗುಂಡ್ಯಾಗ. ನಿಮ್ಮ ಬಚ್ಚಲಕ್ಕ ಬರ್ಲಿಕ್ಕ ಅದಕ್ಕ ಎಲ್ಲೋ ಒಂದು ದಾರಿ ಸಿಕ್ಕದ. ಆ ದಾರಿ ಮುಚ್ಚೋತನಕ ಎಷ್ಟು ಬಾಟ್ಲಿ ಫಿನೈಲ್ ತಂದ್ರೂ ರೊಕ್ಕ ದಂಡ.

ಅಫಜಲಪುರ ತಾಲೂಕಿನ ಮಣ್ಣೂರ ತಗೋರಿ. ಭೀಮಾ ನದಿ ದಂಡಿ, ಕರಿ ಎರಿ ಮಣ್ಣು. ಇಂಥಾ ಊರಾಗ ಕಲಬುರಗಿ ಶಹರದಂಗ ನೆಲದ ಕೆಳಗ ದೊಡ್ಡ ಒಳಚರಂಡಿ ಇರಂಗಿಲ್ಲ. ಸಂಡಾಸದ ನೀರು ಗುಂಡಿಗೆ ಇಲ್ಲಾ ಸೆಪ್ಟಿಕ್ ಟ್ಯಾಂಕಿಗೆ ಹೋಗ್ತದ. ಜಳಕದ ನೀರು, ಬಟ್ಟಿ ಒಗದ ನೀರು ಭಾಳ ಮನಿಗಳೊಳಗ ಒಂದು ಪೈಪಿನಿಂದ ಸೀದಾ ಸಿಸಿ ರಸ್ತೆ ಬಾಜೂಕಿನ ಗಟಾರಕ್ಕ ಬೀಳ್ತದ. ಅಂದ್ರ ಒಂದೇ ಬಚ್ಚಲದಿಂದ ಎರಡು ದಾರಿ. ನಾತ ಯಾವ ದಾರಿಯಿಂದ ಬರ್ಲಿಕತ್ತದ ಅನ್ನೋದೇ ಮೊದಲನೇ ಪ್ರಶ್ನಿ.

ಗಟಾರದ ದಾರಿ ಮೊದಲ ನೋಡೋಣ, ಯಾಕಂದ್ರ ಭಾಳ ಮಂದಿ ಇದನ್ನ ಲೆಕ್ಕಕ್ಕೇ ತಗೋಳಂಗಿಲ್ಲ. ಹೊರಗ ಹೋಗಿ ನಿಮ್ಮ ಬಚ್ಚಲದ ಪೈಪು ಗಟಾರಕ್ಕ ಬೀಳೋ ಜಾಗ ನೋಡ್ರಿ. ಆ ಪೈಪಿನ ಬಾಯಿ ತೆರದದ. ಗಟಾರದಾಗ ಪ್ಲಾಸ್ಟಿಕ್ ಸಿಕ್ಕು ನೀರು ನಿಂತದ. ಗಾಳಿ ಆ ಕಡೆಯಿಂದ ಬೀಸಿದ್ರ ಗಟಾರದ ನಾತ ಅದೇ ಪೈಪಿನೊಳಗ ಹೊಕ್ಕು ಬಚ್ಚಲದ ಜಾಲಿ ಹತ್ರ ಬಂದು ನಿಲ್ತದ. ಜಿರಳಿ ಬರೋದೂ ಅದೇ ದಾರಿಯಿಂದ, ಇಲಿ ಬರೋದೂ ಅದೇ ದಾರಿಯಿಂದ. ರಾತ್ರಿ ಬಚ್ಚಲದಾಗ ಜಿರಳಿ ಕಾಣ್ತಾವಂದ್ರ ಅಲ್ಲಿ ತಡೀಲಿಕ್ಕ ಏನೂ ಇಲ್ಲ ಅಂತ ಅರ್ಥ.

ಅಲ್ಲಿ ತಡೀಬೇಕಾದ್ದು ನೀರು. 1775ರಾಗ ಲಂಡನ್ನಿನ್ಯಾಗ ಅಲೆಕ್ಸಾಂಡರ್ ಕಮಿಂಗ್ ಅನ್ನೋ ಗಡಿಯಾರದ ಕೆಲಸದಂವ ಸಂಡಾಸದ ಕೆಳಗಿನ ಪೈಪು ಬಾಗಿಸಿ, ಆ ಬಾಗಿನ್ಯಾಗ ಯಾವಾಗ್ಲೂ ಒಂದಿಷ್ಟು ನೀರು ನಿಲ್ಲೋ ಹಂಗ ಮಾಡಿ ಪೇಟೆಂಟ್ ತಗೊಂಡ. ಹೊಲಸು ಹೋಗ್ತದ, ನಾತ ಹಿಂದಕ್ಕ ಬರಂಗಿಲ್ಲ. ಇನ್ನೂರೈವತ್ತು ವರ್ಷ ಆದ್ರೂ ಇದಕ್ಕಿಂತ ಚೊಲೋ ಉಪಾಯ ಬಂದಿಲ್ಲ. ನೆಲದ ಜಾಲಿ ಕೆಳಗ ಕೂಡಸೋ ನಹಾನಿ ಟ್ರ್ಯಾಪ್ ಮಾಡೋದೂ ಇದೇ ಕೆಲಸ. ಅದ್ರಾಗ ಸುಮಾರು ಎರಡು ಇಂಚು ನೀರು ನಿಂತಿರಬೇಕು.

ಈಗ ಜಾಲಿ ಎತ್ತಿ ಬ್ಯಾಟರಿ ಹಿಡದು ನೋಡ್ರಿ. ಒಳಗ ಒಂದು ಬಟ್ಟಲಾ, ಅದರ ಮ್ಯಾಲ ಬೋರಲು ಹಾಕಿದ ಒಂದು ಸಣ್ಣ ಕಪ್ ಇರಬೇಕು. ಆ ಕಪ್ಪಿನ ಅಂಚು ನೀರಾಗ ಮುಳುಗಿದ್ರ ಮಾತ್ರ ನಾತಕ್ಕ ದಾರಿ ಬಂದ್. ಆಗೋದೇನು? ಕೂದಲಾ, ಸಾಬೂನಿನ ಜಿಗಟು ಸಿಕ್ಕು ನೀರು ನಿಧಾನ ಹೋಗ್ಲಿಕ್ಕ ಚಾಲೂ ಆಗ್ತದ. ಯಾರೋ ಬ್ಯಾಸತ್ತು ಆ ಕಪ್ ಕಿತ್ತು ಮೂಲ್ಯಾಗ ಇಡ್ತಾರ. ನೀರು ಸರಾಗ ಹೋಗ್ತದ, ಎಲ್ಲಾರಿಗೂ ಖುಷಿ. ನಾತ ಚಾಲೂ ಆಗೋದು ಆವತ್ತಿನಿಂದಾನೇ, ಆದ್ರ ಕಪ್ಪಿಗೂ ನಾತಕ್ಕೂ ಸಂಬಂಧ ಅದ ಅಂತ ಯಾರೂ ಹೇಳಂಗಿಲ್ಲ. ಕಪ್ ಹುಡುಕ್ರಿ, ತೊಳೀರಿ, ವಾಪಸ್ ಕೂಡಸ್ರಿ. ನಿಮ್ಮ ಬಚ್ಚಲದಾಗ ಟ್ರ್ಯಾಪೇ ಇಲ್ಲ, ಬರೇ ಪೈಪಿನ ತೂತಿಗೆ ಜಾಲಿ ಮುಚ್ಚ್ಯಾರ ಅಂದ್ರ, ಗೌಂಡಿನ ಕರಸಿ ಟ್ರ್ಯಾಪ್ ಹಾಕಸ್ರಿ. ಒಳಗ ನೆಲ ಒಡೀಲಿಕ್ಕ ಆಗಲಿಲ್ಲಂದ್ರ ಗೋಡಿ ಹೊರಗ ಸಣ್ಣ ಚೇಂಬರ್ ಕಟ್ಟಿ ಗಲ್ಲಿ ಟ್ರ್ಯಾಪ್, ಅಂದ್ರ ಹೊರಗ ಕೂಡಸೋ ಇಂಥಾದ್ದೇ ನೀರಿನ ತಡಿ, ಕೂಡಸಬಹುದು.

ಕಪ್ ಸರಿ ಅದ, ಆದ್ರೂ ನಾತ ಅಂತೀರಾ? ನಮ್ಮ ಕಡಿ ಬ್ಯಾಸಗಿ ನೆನಪು ಮಾಡ್ಕೋರಿ. ಮೇ ತಿಂಗಳದಾಗ ನಲವತ್ತು ಡಿಗ್ರಿ ದಾಟಿದ ಬಿಸಿಲು. ಮನಿಗೆ ಕೀಲಿ ಹಾಕಿ ಪುಣೆಕ್ಕೋ ಮುಂಬೈಕ್ಕೋ ದುಡೀಲಿಕ್ಕ ಹೋದ್ರ ಟ್ರ್ಯಾಪಿನ ನೀರು ಆರಿ ಹೋಗ್ತದ. ಊರಾಗಿನ ಯಲ್ಲಮ್ಮನ ಜಾತ್ರಿಗೆ ವಾಪಸ್ ಬಂದು ಬಾಗಲಾ ತಗದ್ರ ಮನಿ ತುಂಬ ಗಟಾರ. ಇದಕ್ಕ ಔಷಧ ಒಂದು ಬಕೀಟ ನೀರು, ಅಷ್ಟೇ. ನೀರು ಸುರುವಿ, ಕಿಟಕಿ ತಗದು, ಒಂದು ತಾಸು ಬಿಟ್ಟು ನೋಡ್ರಿ. ನಾತ ಹೋತಂದ್ರ ರೋಗ ಸಿಕ್ತು. ಮುಂದ ಊರು ಬಿಡೋ ಮುಂಚೆ ನೀರು ತುಂಬಿಸಿ, ಅದರ ಮ್ಯಾಲ ಒಂದೆರಡು ಚಮಚಾ ಅಡಗಿ ಎಣ್ಣಿ ಬಿಟ್ಟು ಹೋಗ್ರಿ. ಎಣ್ಣಿ ಪದರ ಇದ್ರ ನೀರು ಲಗೂ ಆರಂಗಿಲ್ಲ.

ನೀರು ಹಾಕಿದ್ರೂ ಹೋಗಲಿಲ್ಲಂದ್ರ ಒಂದೊಂದೇ ಬಾಯಿ ಪರೀಕ್ಷಾ ಮಾಡಬೇಕು. ರಾತ್ರಿ ಮಲಗೋ ಮುಂಚೆ ನೆಲದ ಜಾಲಿ, ವಾಶ್ ಬೇಸಿನ್ನಿನ ತೂತು, ವಾಶಿಂಗ್ ಮಷೀನಿನ ಪೈಪು ಹೋಗೋ ತೂತು, ಎಲ್ಲಾದಕ್ಕೂ ದಪ್ಪನ ಪ್ಲಾಸ್ಟಿಕ್ ಹಾಸಿ ಟೇಪ್ ಹಚ್ಚ್ರಿ. ಮುಂಜಾನೆ ನಾತ ಇಲ್ಲಂದ್ರ ಒಂದೊಂದೇ ತಗದು ಮೂಸಿ ನೋಡ್ರಿ, ಕಳ್ಳ ಅಲ್ಲೇ ಸಿಗ್ತಾನ. ಎಲ್ಲಾ ಮುಚ್ಚಿದ್ರೂ ನಾತ ಇದ್ದೇ ಅದ ಅಂದ್ರ ಸಂಡಾಸದ ಬುಡ ನೋಡಬೇಕು. ಪ್ಯಾನಿನ ಸುತ್ತ ಸಿಮೆಂಟ್ ಬಿರುಕು ಬಿಟ್ಟದೇನು? ಪ್ಯಾನಿನ್ಯಾಗ ನಿಂತ ನೀರಿನ ಮಟ್ಟಕ್ಕ ಪೆನ್ಸಿಲ್‌ಲೆ ಗೆರಿ ಎಳೀರಿ. ರಾತ್ರಿ ಕಳಿಯೋದ್ರಾಗ ನೀರು ಗೆರಿಗಿಂತ ಎದ್ದು ಕಾಣೋ ಹಂಗ ಇಳದಿದ್ರ ಟ್ರ್ಯಾಪ್ ಸೀಳ್ಯದ. ಹಳ್ಳಿ ಪ್ಯಾನಿನ್ಯಾಗ ನಿಲ್ಲೋದು ಬರೇ 20 ಮಿಲಿಮೀಟರ್ ನೀರು, ಸ್ವಲ್ಪ ಇಳದ್ರೂ ದಾರಿ ತೆರೀತದ.

ವಾಶ್ ಬೇಸಿನ್ ಬಗ್ಗೆ ಒಂದು ಮಾತು. ಅದರ ಸುಕ್ಕಿನ ಪ್ಲಾಸ್ಟಿಕ್ ಪೈಪನ್ನ ನೆಲದ ತೂತಿನ್ಯಾಗ ಸುಮ್ಮನ ತುರಕಿ ಬಿಟ್ಟಿರ್ತಾರ. ಪೈಪು ಒಂದೂಕಾಲು ಇಂಚು, ತೂತು ಎರಡು ಇಂಚು. ಆ ಸಂದಿನ್ಯಾಗಿಂದ ನಾತ ಬರ್ತದ. ಒಂದು ರಬ್ಬರ್ ರಿಂಗ್ ಹಾಕಿದ್ರ ಮುಗೀತು.

ಇನ್ನ ಕೆಲವು ಮನ್ಯಾಗ ಸಂಡಾಸಕ್ಕ ನೀರು ಬಿಟ್ಟ ಕೂಡಲೇ ನೆಲದ ಜಾಲ್ಯಾಗ ಗುಳುಗುಳು ಸಪ್ಪಳ ಆಗ್ತದ, ಆಮ್ಯಾಲ ನಾತ. ಇದು ಸಂಡಾಸದ ನೀರು, ಜಳಕದ ನೀರು ಎರಡೂ ಒಂದೇ ಪೈಪಿಗೆ ಕೂಡಸಿದ ಮನ್ಯಾಗ ಆಗೋದು. ಮ್ಯಾಲಿಂದ ರಭಸಲೆ ಬಿದ್ದ ನೀರು ಹಿಂದ ಗಾಳಿ ಎಳೀತದ. ಗಾಳಿ ಬರ್ಲಿಕ್ಕ ಬ್ಯಾರೆ ದಾರಿ ಇಲ್ಲಂದ್ರ ನಿಮ್ಮ ಟ್ರ್ಯಾಪಿನ ನೀರನ್ನೇ ಎಳಕೊಂಡು ಹೋಗ್ತದ. ಅದಕ್ಕೇ ಮಾಳಗಿ ಮ್ಯಾಲ ಗಾಳಿ ಪೈಪು ಇರಬೇಕು, ಮನಿ ಹತ್ರ ಸೆಪ್ಟಿಕ್ ಟ್ಯಾಂಕ್ ಇದ್ರ ಅದರದು ಮಾಳಗಿಗಿಂತ ಎರಡು ಮೀಟರ್ ಎತ್ತರ. ಇದ್ದ ಪೈಪಿನ್ಯಾಗ ಹಕ್ಕಿ ಗೂಡು ಕಟ್ಟ್ಯಾವೇನು ನೋಡ್ರಿ. ಎಕ್ಸಾಸ್ಟ್ ಫ್ಯಾನ್ ಹಾಕಿದಾಗಷ್ಟೇ ನಾತ ಜಾಸ್ತಿ ಆಗ್ತದಂದ್ರ, ಬಾಗಲಾ ಕಿಟಕಿ ಮುಚ್ಚಿದ ಕೋಣ್ಯಾಗ ಫ್ಯಾನ್ ಗಾಳಿ ಜಗ್ಗತದ, ಗಾಳಿ ಗಟಾರದಿಂದ ಬರ್ತದ. ಬಾಗಲಾ ಸ್ವಲ್ಪ ತೆರದಿಟ್ಟು ಹಾಕಿ ನೋಡ್ರಿ.

ಈಗ ನಮ್ಮ ಮಣ್ಣಿನ ಮಾತು. ಎರಿ ಮಣ್ಣು ಮಳ್ಯಾಗ ಉಬ್ಬತದ, ಬ್ಯಾಸಗ್ಯಾಗ ಬಿರುಕು ಬಿಡ್ತದ. ಅದರೊಳಗ ಹುಗದ ಪೈಪು ಪ್ರತಿ ವರ್ಷ ಮ್ಯಾಲ ಕೆಳಗ ಆಗಿ ಜಾಯಿಂಟ್ ಬಿಚ್ಚತದ. ಬ್ಯಾಸಗ್ಯಾಗ ನೆಲದ ಬಿರುಕಿನ ಹತ್ರಾನೇ ನಾತ ಬಂದ್ರ ಅಲ್ಲಿ ಪೈಪು ಒಡದದ. ಇನ್ನೊಂದು, ಎರಿ ಮಣ್ಣು ನೀರು ಲಗೂ ಹೀರಂಗಿಲ್ಲ. ಅದಕ್ಕ ಸಂಡಾಸಕ್ಕ ಜೋಡಿ ಗುಂಡಿ (ಒಂದು ತುಂಬಿದ್ರ ಇನ್ನೊಂದು ಬಳಸೋದು) ಕಟ್ಟುವಾಗ ಸುತ್ತ ಒಂದು ಫೂಟ್ ಅಗಲ ಉಸುಕು ಇಲ್ಲಾ ಇಟ್ಟಂಗಿ ಚೂರು ತುಂಬಬೇಕು. ತುಂಬದಿದ್ರ ಗುಂಡಿ ತುಂಬಿ, ಮಳಿಗಾಲದಾಗ ನೀರು ಹಿಂದಕ್ಕ ಒತ್ತತದ. 2020ರ ಅಕ್ಟೋಬರ್‌ನ್ಯಾಗ ಭೀಮಾ ಉಕ್ಕಿದಾಗ ಹೊಳಿ ದಂಡಿ ಊರಿಗೆ ನೀರು ನುಗ್ಗಿತ್ತಲ್ಲ, ಅಂಥಾ ವ್ಯಾಳ್ಯಾದಾಗ ಗುಂಡಿ ಸುತ್ತಿನ ಮಣ್ಣೇ ನೀರು ಕುಡದು ನಿಂತಿರ್ತದ, ಹೊಲಸು ಹೋಗೋದು ಎಲ್ಲಿಗೆ? ಎರಡು ಗುಂಡಿ ನಡುವಿನ ಸಣ್ಣ ಚೇಂಬರಿನ ಮುಚ್ಚಳಾನೂ ನೋಡ್ರಿ. ಅದು ಒಡದಿದ್ರ ನಾತ ಕಿಟಕಿಯಿಂದ ಒಳಗ ಬರ್ತದ, ನೀವು ಬಚ್ಚಲ ತಿಕ್ಕತಾ ಕೂಡ್ತೀರಿ.

ಇಲ್ಲಿ ಕೈ ಮುಗದು ಹೇಳ್ತೀನಿ. ನಾತದ ದಾರಿ ಹುಡುಕ್ಲಿಕ್ಕ ಕೆಲವರು ಊದಿನಕಡ್ಡಿ ಹಿಡದು ಹೊಗಿ ಯಾ ಕಡಿ ಹೋಗ್ತದ ನೋಡ್ರಿ ಅಂತಾರ. ನಾನು ಬ್ಯಾಡ ಅಂತೀನಿ, ತೆಳ್ಳನ ಹಾಳಿ ಚೂರು ಹಿಡದು ಅಲುಗ್ಯಾಡ್ತದೇನು ನೋಡ್ರಿ ಸಾಕು. ಗುಂಡ್ಯಾಗ ಮೀಥೇನ್ ಅನ್ನೋ ಅನಿಲಾನೂ ಇರ್ತದ, ಅದಕ್ಕ ವಾಸನಿ ಇಲ್ಲ, ಬೆಂಕಿ ತಗಲಿದ್ರ ಹತ್ತತದ. ಆ್ಯಸಿಡ್ಡಿನ ಜೋಡಿ ಬ್ಲೀಚಿಂಗ್ ಪೌಡರ್ ಎಂದೂ ಹಾಕಬ್ಯಾಡ್ರಿ, ಕ್ಲೋರಿನ್ ಅನಿಲ ಏಳ್ತದ.

ಗುಂಡಿ, ಟ್ಯಾಂಕಿನ್ಯಾಗ ಯಾರನ್ನೂ ಇಳಸಬ್ಯಾಡ್ರಿ. ಗಾಳಿಯ ಹತ್ತು ಲಕ್ಷ ಪಾಲಿನ್ಯಾಗ ಹೈಡ್ರೋಜನ್ ಸಲ್ಫೈಡ್ ನೂರು ಪಾಲು ಆಯ್ತಂದ್ರ ಮೂಗು ಮರಗಟ್ಟತದ, ನಾತಾನೇ ಗೊತ್ತಾಗಂಗಿಲ್ಲ. ನಾತ ಇಲ್ಲ ಅಂತ ಇಳದಂವ ಮ್ಯಾಲ ಬರಂಗಿಲ್ಲ, ಎತ್ತಲಿಕ್ಕ ಹೋದಂವನೂ ಬರಂಗಿಲ್ಲ. ಸುರಕ್ಷಾ ಸಾಮಾನಿಲ್ಲದ ಮನುಷ್ಯಾರನ್ನ ಸೆಪ್ಟಿಕ್ ಟ್ಯಾಂಕಿಗೆ ಇಳಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಒಳಚರಂಡ್ಯಾಗ ಸತ್ತವರ ಮನಿಯವರಿಗೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನ್ಯಾಗ ಹೇಳ್ಯದ. ರೊಕ್ಕ ಬಂದ್ರೂ ಮನುಷ್ಯಾ ಬರಂಗಿಲ್ಲ. ಟ್ಯಾಂಕ್ ತುಂಬಿದ್ರ ಜಗ್ಗೋ ಗಾಡಿ ಕರಸ್ರಿ. ಜೋಡಿ ಗುಂಡಿ ಇದ್ರ ತುಂಬಿದ್ದನ್ನ ಬಂದ್ ಮಾಡಿ ಚೇಂಬರಿನ್ಯಾಗ ಇನ್ನೊಂದಕ್ಕ ದಾರಿ ತಿರುಗಸ್ರಿ. ಎರಡು ವರ್ಷಕ್ಕ ಬಂದ್ ಮಾಡಿದ ಗುಂಡ್ಯಾಗಿನ ಹೊಲಸು ಒಣ ಗೊಬ್ಬರ ಆಗಿರ್ತದ.

ಹೊಸಾ ಮನಿ ಕಟ್ಟೋರಿಗೆ: ಫರ್ಸಿ ಹಾಸೋ ಮುಂಚೆ ಟ್ರ್ಯಾಪಿಗೆ ನೀರು ತುಂಬಿ ಒಂದು ರಾತ್ರಿ ಬಿಡ್ರಿ, ಮುಂಜಾನೆ ಗೌಂಡಿನ ನಿಂದರಿಸಿ ನೀರು ಹಂಗೇ ಅದ ಅಂತ ತೋರಸ್ಕೋರಿ. ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗ್ಯದ ಅಂತ ಮೊಬೈಲಿನ್ಯಾಗ ಫೋಟೋ ಹೊಡಕೊಂಡು ಇಟ್ಕೋರಿ.