ನಿರಿಗೆಯ ಲೆಕ್ಕ

ನಿರಿಗೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸೀರೆ. ಹಳಗನ್ನಡದ ಕವಿಗಳಿಗೆ ಹೆಣ್ಣಿನ ಗುಂಗುರುಕೂದಲೂ ನಿರಿಗುರುಳೇ. ಈ ಶಬ್ದವನ್ನು ತರಗತಿಯಲ್ಲಿ ವರ್ಷವರ್ಷವೂ ವಿವರಿಸಿಕೊಂಡು ಬಂದವನು ನಾನು. ಆದರೆ ನಿರಿಗೆ ಎಂಬುದು ಮೊದಲು ಒಂದು ಲೆಕ್ಕ, ಆಮೇಲೆ ಅಲಂಕಾರ ಎಂಬುದನ್ನು ಕಲಿತದ್ದು ಮಾತ್ರ ನಿವೃತ್ತನಾದ ಮೇಲೆ, ಗಂಗಾವತಿಯಲ್ಲಿ ರಸ್ತೆಬದಿಯ ಒಂದು ಅಂಗಡಿಯ ಹಲಗೆಯ ಮೇಲೆ ಕುಳಿತು. ಅಲ್ಲಿ ನನ್ನ ಹಳೆಯ ಅಂಬಾಸಡರ್ ಕಾರಿನ ಆಸನಗಳಿಗೆ ಹೊಸ ಹೊದಿಕೆಯನ್ನು ಹೊಲಿಯಲಾಗುತ್ತಿತ್ತು.

ಗಂಗಾವತಿಯನ್ನು ಭತ್ತದ ಕಣಜವೆಂದು ಕರೆಯುವುದು ರೂಢಿ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ಎಡದಂಡೆಯ ಕಾಲುವೆಗೆ ನೀರು ಹರಿಯತೊಡಗಿದ ಮೇಲೆ ಗದ್ದೆಗಳಾದವು, ಅಕ್ಕಿ ಗಿರಣಿಗಳಾದವು. ಅವುಗಳ ಹಿಂದೆಯೇ ಟ್ರ್ಯಾಕ್ಟರು, ಲಾರಿ, ಟೆಂಪೊ, ಕಾರುಗಳು ಬಂದವು. ವಾಹನವಿದ್ದಲ್ಲಿ ಹರಿದ ಗಾದಿಯೂ ಇರಲೇಬೇಕಲ್ಲ! ನಮ್ಮ ಕಡೆಯ ಬೇಸಿಗೆಯ ಬಿಸಿಲು, ಹೊಟ್ಟಿನ ಧೂಳು, ಬೆವರು, ಇವು ಮೂರೂ ಸೇರಿದರೆ ಯಾವ ಆಸನವೂ ಬಹುಕಾಲ ಬಾಳದು. ನಾನು ಹೇಳುತ್ತಿರುವ ಕುಶಲಕರ್ಮಿಯ ತಂದೆ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದವರು, ಗಾದಿ ತುಂಬುತ್ತಿದ್ದವರು. ಮಗನ ಕೈಗೆ ಹತ್ತಿಯ ಬದಲು ಫೋಮು ಬಂದಿದೆ, ಅರಿವೆಯ ಬದಲು ರೆಕ್ಸಿನ್ನು ಬಂದಿದೆ.

ಆತನ ಕೆಲಸವನ್ನು ಎರಡು ದಿನ ನೋಡಿದೆ. ಆಸನದ ನಡುಭಾಗ 20 ಇಂಚು ಅಗಲವಿತ್ತು. ಅದರಲ್ಲಿ 2 ಇಂಚಿನ 10 ನಿರಿಗೆಗಳು ಬರಬೇಕು. ಹಾಗಾದರೆ 20 ಇಂಚು ರೆಕ್ಸಿನ್ನು ಸಾಕಲ್ಲವೆ ಎಂದು ನಾನು ಕೇಳಿದೆ. ಆತ ನಕ್ಕ. ನಿರಿಗೆಗಳ ನಡುವೆ 9 ಹೊಲಿಗೆಯ ಸಾಲುಗಳು. ಪ್ರತಿಯೊಂದು ಸಾಲಿನಲ್ಲಿಯೂ ರೆಕ್ಸಿನ್ನನ್ನು ಮುಖಕ್ಕೆ ಮುಖ ಕೂಡುವಂತೆ ಮಡಿಸಿ, ಮಡಿಕೆಯ ತುದಿಯಿಂದ ಇಂಚಿನ ಎಂಟನೆಯ ಒಂದು ಭಾಗ ಬಿಟ್ಟು ಹೊಲಿಗೆ ಹಾಕಬೇಕು. ಮಡಿಕೆಗೆ ಮಗ್ಗುಲು ಎರಡು. ಆದ್ದರಿಂದ ಒಂದೊಂದು ಸಾಲೂ ಕಾಲು ಇಂಚನ್ನು ನುಂಗುತ್ತದೆ. 9 ಸಾಲಿಗೆ ಎರಡೂ ಕಾಲು ಇಂಚು. ಅಂಚಿಗೆ ಬಿಡುವುದು ಬೇರೆ. ಇದನ್ನು ಮರೆತ ಶಿಷ್ಯ ಕೊನೆಯ ಸಾಲನ್ನು ಮುಗಿಸಿ ಆಸನದ ಮೇಲೆ ಹಾಸಿ ನೋಡುವಾಗ ಹೊದಿಕೆ ಮೂರು ಬೆರಳು ಕಿರಿದಾಗಿರುತ್ತದೆ, ಮತ್ತೆ ಬಿಚ್ಚಿ ಹೊಲಿಯೋಣವೆಂದರೆ ಸೂಜಿಯ ತೂತು ರೆಕ್ಸಿನ್ನಿನಲ್ಲಿ ಮುಚ್ಚಿಕೊಳ್ಳುವುದಿಲ್ಲ. ಅರಿವೆ ಕ್ಷಮಿಸುತ್ತದೆ, ರೆಕ್ಸಿನ್ನು ಕ್ಷಮಿಸುವುದಿಲ್ಲ.

ಆದ್ದರಿಂದ ಗೆರೆ ಎಳೆಯುವುದೇ ಅರ್ಧ ಕೆಲಸ. ರೆಕ್ಸಿನ್ನಿನ ಬೆನ್ನಿಗೆ ಸೀಮೆಸುಣ್ಣದಲ್ಲಿ ಎರಡೂ ಕಾಲು ಇಂಚಿಗೊಂದು ಗೆರೆ. ತೆಳುವಾದ ಫೋಮನ್ನು ಅಂಟಿಸಿದ ಒಳಬಟ್ಟೆಗೆ ಎರಡು ಇಂಚಿಗೊಂದು ಗೆರೆ. ಮೇಲಿನ ಗೆರೆಯ ಮಡಿಕೆ ಕೆಳಗಿನ ಗೆರೆಯ ಮೇಲೆ ಕುಳಿತು ಹೊಲಿಗೆಯಾದಾಗ, ಮಿಕ್ಕ ರೆಕ್ಸಿನ್ನು ಫೋಮಿನ ಮೇಲೆ ದುಂಡಗೆ ಉಬ್ಬಿ ನಿಲ್ಲುತ್ತದೆ; ದಾರ ಕಣಿವೆಯಲ್ಲಿ ಅಡಗಿ ಕುಳಿತವರ ಉಡುಪಿನ ಉಜ್ಜಾಟದಿಂದ ಪಾರಾಗುತ್ತದೆ. ನಮ್ಮ ಮನೆಗಳಲ್ಲಿ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಸಾಲುಸಾಲಾಗಿ ಹೊಲಿಯುತ್ತಿದ್ದ ಕೌದಿಯ ತತ್ತ್ವವೂ ಹೆಚ್ಚುಕಡಿಮೆ ಇದೇ: ಪದರಗಳು ಜಾರಬಾರದು.

ಹೊಲಿಗೆಯ ಹೆಜ್ಜೆ ಇಂಚಿಗೆ ಆರೇಳು ಸಾಕು. ಒತ್ತೊತ್ತಾಗಿ ಹೊಲಿದರೆ ಗಟ್ಟಿಯೆಂದು ನಾವು ತಿಳಿಯುತ್ತೇವೆ. ಆದರೆ ರೆಕ್ಸಿನ್ನು ಅಂಚೆಚೀಟಿಯ ಹಾಳೆಯಂತೆ ತೂತಿನ ಸಾಲಿನಲ್ಲೇ ಹರಿದುಹೋಗುತ್ತದೆ. ಮನೆಯ ಯಂತ್ರ ಈ ಕೆಲಸಕ್ಕೆ ಬಾರದು. ಅದರಲ್ಲಿ ಕೆಳಗಿನ ಹಲ್ಲುಗಳಷ್ಟೇ ಬಟ್ಟೆಯನ್ನು ನಡೆಸುತ್ತವೆ, ಮೇಲಿನ ಪದರ ಹಿಂದುಳಿದು ನಿರಿಗೆ ಸೊಟ್ಟಗಾಗುತ್ತದೆ. ಮೇಲಿನ ಪಾದವೂ ಹೆಜ್ಜೆಯಿಡುವ ಯಂತ್ರವೇ ಬೇಕು. ಹತ್ತಿಯ ದಾರ ಬೆವರಿಗೆ ಕೊಳೆಯುತ್ತದೆ. ಬಿಸಿಲು ಬೀಳುವಲ್ಲಿ ನೈಲಾನಿಗಿಂತ ಪಾಲಿಯೆಸ್ಟರ್ ಮೇಲು. ನಿರಿಗೆಗಳೇಕೆ ಮುಂದಿನಿಂದ ಹಿಂದಕ್ಕೆ ಓಡುತ್ತವೆ, ಅಡ್ಡಲಾಗಿ ಏಕಿಲ್ಲ ಎಂದು ಕೇಳಿದೆ. ತೊಡೆಯ ಕೆಳಗೆ ಗಾಳಿ ಆಡಲಿ ಎಂದು ಉತ್ತರ ಬಂತು. ನಮ್ಮ ಊರಿನ ಏಪ್ರಿಲ್ ಕಂಡವರಿಗೆ ಈ ಉತ್ತರ ಸಾಕು.

ರೆಕ್ಸಿನ್ ಎಂಬುದು ಮೂಲತಃ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಹೈಡ್ ಊರಿನ ಕಂಪನಿಯೊಂದು ತನ್ನ ಕೃತಕ ತೊಗಲಿಗೆ ಇಟ್ಟ ಹೆಸರು. ಇಂದು ಆ ಹೆಸರಿನಿಂದ ನಾವು ಕೊಳ್ಳುವುದು ಹೆಚ್ಚಾಗಿ ಪಿ.ವಿ.ಸಿ. ಲೇಪಿಸಿದ ಬಟ್ಟೆ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತರುಣರು ಹಳೆಯ ಕಾರುಗಳನ್ನು ತಮ್ಮ ಮನಸ್ಸಿನಂತೆ ಮಾರ್ಪಡಿಸಿಕೊಳ್ಳತೊಡಗಿದಾಗ ಇಂಥ ನಿರಿಗೆಯ ಆಸನಗಳು ಅವರ ಹೆಮ್ಮೆಯಾದವು. ಅಗ್ಗವೆಂದು ಗಡಿ ದಾಟಿ ಮೆಕ್ಸಿಕೋದ ಟಿಹುವಾನಾಕ್ಕೆ ಹೋಗಿ ಹೊಲಿಸಿಕೊಂಡವರು ಬಹಳ. ನಮ್ಮಲ್ಲಿಯೂ ಆಸನದ ಕಸಬು ಹೊಸದಲ್ಲ. ಕುದುರೆಯ ಜೀನು ಮಾಡುವವನೇ ಜೀನಗಾರ.

ಈಗ ನನ್ನ ತಪ್ಪಿನ ಮಾತು. ಮಗನ ಹೊಸ ಕಾರಿಗೆ ನಾನೇ ಬೇರೊಂದು ಊರಿನ ಅಂಗಡಿಯಲ್ಲಿ ಸಿದ್ಧ ಹೊದಿಕೆಯನ್ನು ಹಾಕಿಸಿದ್ದೆ. ಅದರ ನಿರಿಗೆಗಳು ಹೊಲಿಗೆಯವಲ್ಲ, ಶಾಖದಿಂದ ಒತ್ತಿದ ಗುರುತುಗಳು. ಅದು ನನ್ನ ಕಣ್ಣಿಗೆ ತಿಳಿದಿರಲಿಲ್ಲ. ಎರಡೇ ವರ್ಷದಲ್ಲಿ ಚಪ್ಪಟೆಯಾದವು. ಇದನ್ನು ತೆಗೆದು ನಿಜವಾದ ನಿರಿಗೆ ಹೊಲಿದುಕೊಡಪ್ಪ ಎಂದು ಗಂಗಾವತಿಗೆ ಕಾರನ್ನು ತರಿಸಿದೆ. ಆತ ಹೊದಿಕೆಯನ್ನು ಬಿಚ್ಚಿ, ಮುಂದಿನ ಆಸನದ ಹೊರಮಗ್ಗುಲಲ್ಲಿದ್ದ ಪುಟ್ಟ ಚೀಟಿಯನ್ನು ತೋರಿಸಿದ. ಏರ್‌ಬ್ಯಾಗ್ ಎಂದು ಬರೆದಿತ್ತು. ಅಪಘಾತವಾದಾಗ ಕ್ಷಣದ ಅತಿಸಣ್ಣ ಭಾಗದಲ್ಲಿ ಆ ಚೀಲ ಆಸನದ ಮಗ್ಗುಲ ಹೊಲಿಗೆಯನ್ನು ಹರಿದುಕೊಂಡೇ ಹೊರಬರಬೇಕು. ಅದಕ್ಕಾಗಿ ಕಾರ್ಖಾನೆಯಲ್ಲಿ ಆ ಒಂದು ಹೊಲಿಗೆಯನ್ನು ಬೇಕೆಂದೇ ಹರಿಯುವಂತೆ, ಅಳೆದು ಹಾಕಿರುತ್ತಾರೆ. ಅದರ ಮೇಲೆ ದಪ್ಪ ರೆಕ್ಸಿನ್ನು ಬಿಗಿದರೆ ಚೀಲ ತಡವಾಗಬಹುದು, ದಿಕ್ಕು ತಪ್ಪಬಹುದು. ಎರಡು ವರ್ಷ ನನ್ನ ಮೊಮ್ಮಗಳ ತಾಯಿ ಆ ಆಸನದಲ್ಲಿ ಕುಳಿತಿದ್ದಳು.

ಮಗ್ಗುಲಲ್ಲಿ ಹಗುರಾದ ಹೊಲಿಗೆ ಹಾಕಿ ನೀನೇ ಮಾಡಿಕೊಡು, ಹಣ ಹೆಚ್ಚಾದರೂ ಸರಿ ಎಂದೆ. ಎದುರಿಗಿದ್ದ ಕೆಲಸವನ್ನು ಆತ ಬಿಟ್ಟುಕೊಟ್ಟ. “ಸರ್, ಹರೀಬಾರದಂಗ ಹೊಲಿಯೋದು ನನಗ ಗೊತ್ತೈತಿ. ಹರಿಯೋ ಹಂಗ ಹೊಲಿಯೋದು ಗೊತ್ತಿಲ್ಲ” ಎಂದ. ಬಿಚ್ಚಿದ್ದಕ್ಕೆ ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ.

ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಅದರಲ್ಲಿ ಏರ್‌ಬ್ಯಾಗೂ ಇಲ್ಲ, ಚೀಟಿಯೂ ಇಲ್ಲ, ಹತ್ತು ನಿರಿಗೆಗಳಿವೆ. ಮಗನ ಕಾರು ಈಗ ಕಾರ್ಖಾನೆಯ ಬಟ್ಟೆಯಲ್ಲೇ ಓಡುತ್ತಿದೆ. ಬಿಚ್ಚಿಹಾಕಿದ ಹೊದಿಕೆಯನ್ನು ಆ ಅಂಗಡಿಯಲ್ಲೇ ಬಿಟ್ಟು ಬಂದೆ. ಮುಂದಿನ ಸಲ ಹೋದಾಗ ಅದು ತುಂಡಾಗಿ, ಒಬ್ಬ ಹುಡುಗನ ಕೈಯಲ್ಲಿ ಗೆರೆ ಎಳೆಯುವುದನ್ನು ಕಲಿಯುವ ಹಲಗೆಯಾಗಿತ್ತು.